ಹಗಲು ನೇರಳೆ, ರಾತ್ರಿ ಬೂದು: ಒಂದು ಹಜಾರದ ಬಣ್ಣದ ಪ್ರಕರಣ

ಬಣ್ಣ ಬಳಿದು ಹನ್ನೊಂದು ದಿನವಷ್ಟೇ ಆಗಿತ್ತು. ಅವರು ನನ್ನನ್ನು ಕರೆಸಿದ್ದು ಹೊಸ ಗೋಡೆ ತೋರಿಸುವುದಕ್ಕಲ್ಲ, ಪಂಚಾಯಿತಿ ಮಾಡಿಸುವುದಕ್ಕೆ. ಸೊಸೆಯ ಪ್ರಕಾರ ಗೋಡೆ ಬೂದು. ಮಗನ ಪ್ರಕಾರವೂ ಬೂದೇ, ಆದರೆ ಯಾಕೋ ಮನಸ್ಸಿಗೆ ಹತ್ತುತ್ತಿಲ್ಲ. ಮನೆಯ ಹಿರಿಯಾಕೆ, ಅಂದರೆ ಮಗನ ತಾಯಿ, ಅದು ನೇರಳೆ ಎಂದು ಹಟ ಹಿಡಿದು ಕುಳಿತಿದ್ದರು. ಹಟ ಎನ್ನುವ ಮಾತು ನನ್ನದಲ್ಲ, ಮನೆಯವರದು.

"ಅತ್ತೆಯವರು ಬೆಳಿಗ್ಗೆ ನೇರಳೆ ಎನ್ನುತ್ತಾರೆ, ರಾತ್ರಿ ಸರಿಯಾಗಿಯೇ ಇದೆ ಎನ್ನುತ್ತಾರೆ. ನಾವು ಯಾವ ಮಾತನ್ನು ನಂಬಬೇಕು ಹೇಳಿ" ಎಂದರು ಸೊಸೆ.

ಮನೆಗಳಿಗೆ ಬಣ್ಣ ಹೊಂದಿಸಿಕೊಡುವುದು ನನ್ನ ಕೆಲಸ. ಈ ಪ್ರಕರಣವನ್ನು ವಿವರವಾಗಿ ಬರೆದಿಡಲು ಕಾರಣವಿದೆ. ಸಾಮಾನ್ಯವಾಗಿ ಒಂದೊಂದು ಮನೆಯಲ್ಲಿ ಒಂದೊಂದು ತಪ್ಪು ಇರುತ್ತದೆ. ಇಲ್ಲಿ ನಾಲ್ಕೈದು ಒಟ್ಟಿಗೆ ಸೇರಿಕೊಂಡಿದ್ದವು, ಅವುಗಳಲ್ಲಿ ಒಂದು ನನ್ನದೇ.

ಮೊದಲು ಜಾಗದ ವಿಷಯ. ಹಜಾರ ಸುಮಾರು 18 ಅಡಿ ಉದ್ದ, 12 ಅಡಿ ಅಗಲ. ಅಗಲದ ಒಂದು ಗೋಡೆಯಲ್ಲಿ ದೊಡ್ಡ ಕಿಟಕಿ, ಅದೂ ನೇರ ಬಿಸಿಲು ಬೀಳದ ದಿಕ್ಕಿಗೆ. ಕಿಟಕಿಯ ಎಡಭಾಗಕ್ಕೆ ಹೊರಗೆ ದಟ್ಟ ಎಲೆಗಳ ಮರ, ಬಲಭಾಗಕ್ಕೆ ತೆರೆದ ಆಕಾಶ. ನೆಲಕ್ಕೆ ಇಟ್ಟಿಗೆಗೆಂಪಿನ ಟೈಲ್ಸ್. ಬಾಗಿಲು ಮತ್ತು ಚೌಕಟ್ಟುಗಳು ಕಂದು ಪಾಲಿಶ್ ಮಾಡಿದ ಮರದವು. ಬಣ್ಣ ಬಳಿಸಿದ ಖುಷಿಯಲ್ಲಿ ಕೊಂಡ ಹೊಸ ಸೋಫಾ ಅಪ್ಪಟ ಅರಿಸಿನ ಬಣ್ಣದ್ದು. ಈ ಸೋಫಾವನ್ನು ನೆನಪಿಟ್ಟುಕೊಳ್ಳಿ.

ಬಣ್ಣವನ್ನು ಆರಿಸಿದ್ದು ಹೇಗೆ ಎಂದು ಕೇಳಿದೆ. ಮೊಬೈಲಿನಲ್ಲಿ ಯಾವುದೋ ಮನೆಯ ಚಿತ್ರ ನೋಡಿದ್ದರು. ಒಂದು ರಾತ್ರಿ ಊಟವಾದ ಮೇಲೆ ಮೇಜಿನ ಮೇಲೆ ಶೇಡ್ ಕಾರ್ಡ್ ಹರಡಿಕೊಂಡು, ಆ ಚಿತ್ರಕ್ಕೆ ಯಾವ ಚೌಕ ಹೋಲುತ್ತದೆ ಎಂದು ಗಂಡಹೆಂಡತಿ ಕೂತು ಹುಡುಕಿದ್ದರು. ಮೇಜಿನ ಮೇಲೆ ತೂಗುವ ದೀಪ 2700 ಕೆಲ್ವಿನ್ನಿನ ಹಳದಿ ಬಲ್ಬಿನದು (ಬೆಳಕಿನ ಬಣ್ಣವನ್ನು ಅಳೆಯುವ ಅಂಕೆ ಕೆಲ್ವಿನ್). ಹೀಗೆ ಹೆಬ್ಬೆರಳಿನಷ್ಟು ಕಾಗದದ ಚೂರನ್ನು ರಾತ್ರಿಯ ಹಳದಿ ಬೆಳಕಿನಲ್ಲಿ, ತನ್ನದೇ ಬೆಳಕು ಸೂಸುವ ಪರದೆಯ ಪಕ್ಕದಲ್ಲಿಟ್ಟು, ಹಗಲಿನಲ್ಲಿ ಬಳಕೆಯಾಗುವ ಹಜಾರದ ಭವಿಷ್ಯ ನಿರ್ಧಾರವಾಗಿತ್ತು. ನಗಬೇಡಿ, ನಾನು ನೋಡಿದ ಮನೆಗಳಲ್ಲಿ ಹೆಚ್ಚಿನವರು ಹೀಗೆಯೇ ಆರಿಸುವುದು.

ಅವರು ಇಟ್ಟುಕೊಂಡಿದ್ದ ಶೇಡ್ ಕಾರ್ಡನ್ನು ತರಿಸಿ ಕಿಟಕಿಯ ಬಳಿ ಹಿಡಿದೆ. ಆರು ಚೌಕಗಳ ಪಟ್ಟಿ. ಅವರು ಆರಿಸಿದ್ದು ಮೇಲಿನಿಂದ ಎರಡನೆಯದು, ನೋಡಲು ಸಾಧು ಬೂದು. ಒಂದು ಬಣ್ಣದ ಒಳಗೆ ಏನು ಅಡಗಿದೆ ಎಂದು ತಿಳಿಯಬೇಕಾದರೆ ಆ ಚೌಕವನ್ನೇ ದಿಟ್ಟಿಸಿ ಉಪಯೋಗವಿಲ್ಲ, ಪಟ್ಟಿಯ ತಳಕ್ಕೆ ಹೋಗಬೇಕು. ಸಾಮಾನ್ಯವಾಗಿ ಒಂದು ಪಟ್ಟಿಯ ಚೌಕಗಳು ಒಂದೇ ಮನೆತನದವು. ತಿಳಿಯಾದ ಮಕ್ಕಳಲ್ಲಿ ಕಾಣದ ಗುಣ ತಳದ ಅಜ್ಜನಲ್ಲಿ ಎದ್ದು ಕಾಣುತ್ತದೆ. ಮೇಲಿನ ನಾಲ್ಕನ್ನು ಬೆರಳಿನಿಂದ ಮುಚ್ಚಿ ತಳದ ಎರಡನ್ನು ತೋರಿಸಿದೆ. ಗಾಢ ನೇರಳೆ. ಸೊಸೆ ಕಾರ್ಡನ್ನು ಕೈಯಿಂದ ತೆಗೆದುಕೊಂಡು ಎರಡು ಸಲ ತಿರುಗಿಸಿ ನೋಡಿದರು, ಮಾತಾಡಲಿಲ್ಲ.

ಇಲ್ಲಿಗೆ ಪ್ರಕರಣ ಮುಗಿಯಿತು ಎಂದುಕೊಂಡೆ. ಅದು ನನ್ನ ತಪ್ಪು. ಹಗಲಿಗೂ ರಾತ್ರಿಗೂ ಬಣ್ಣ ಬೇರೆ ಕಾಣುತ್ತಿರುವುದು ಬೆಳಕಿನ ವ್ಯತ್ಯಾಸದಿಂದ, ರಾತ್ರಿಯ ಬೆಳಕನ್ನು ಹಗಲಿನ ಹತ್ತಿರಕ್ಕೆ ತಂದರೆ ಗೋಡೆ ಒಂದೇ ಮಾತಾಡುತ್ತದೆ, ಆಮೇಲೆ ಕಣ್ಣು ಹೊಂದಿಕೊಳ್ಳುತ್ತದೆ ಎಂದು ಲೆಕ್ಕ ಹಾಕಿ, ಹಜಾರದ ಹಳದಿ ಬಲ್ಬುಗಳನ್ನು ತೆಗೆಸಿ 4000 ಕೆಲ್ವಿನ್ನಿನವನ್ನು ಹಾಕಿಸಿದೆ. ಗೋಡೆಗೆ ಮತ್ತೆ ಕೈ ಹಾಕುವ ಖರ್ಚು ತಪ್ಪಲಿ ಎಂಬ ಸದುದ್ದೇಶವೂ ಇತ್ತು. ಎರಡು ದಿನ ಬಿಟ್ಟು ಫೋನ್ ಬಂತು. ಗೋಡೆ ಒಂದೇ ಮಾತಾಡುತ್ತಿತ್ತು, ನಿಜ. ಈಗ ರಾತ್ರಿಯೂ ನೇರಳೆ.

ಮಾಡಿದ ಎಡವಟ್ಟು ಹೊಳೆದದ್ದು ಆಮೇಲೆ. ಕೆಲ್ವಿನ್ ಅಂಕೆ ಏರಿದಷ್ಟೂ ಬೆಳಕು ಹಳದಿಯಿಂದ ನೀಲಿಯತ್ತ ಸರಿಯುತ್ತದೆ. ನೇರ ಬಿಸಿಲಿಲ್ಲದೆ ಬರೀ ನೀಲಿ ಆಕಾಶದಿಂದ ಬರುವ ಬೆಳಕು 10,000 ಕೆಲ್ವಿನ್ನನ್ನೂ ದಾಟಬಹುದು. ಹಗಲಿಡೀ ಈ ಹಜಾರಕ್ಕೆ ಬರುತ್ತಿದ್ದುದು ಹೆಚ್ಚಾಗಿ ಅಂಥದೇ ಬೆಳಕು, ಅದು ಗೋಡೆಯಲ್ಲಿ ಅಡಗಿದ್ದ ನೇರಳೆಯನ್ನು ಎಬ್ಬಿಸಿ ಕೂರಿಸುತ್ತಿತ್ತು. ರಾತ್ರಿಯ ಹಳದಿ ಬಲ್ಬು ಅದನ್ನು ಮತ್ತೆ ಮಲಗಿಸುತ್ತಿತ್ತು. ನಾನು ಆ ಒಂದು ಜೋಗುಳವನ್ನೂ ಕಿತ್ತುಹಾಕಿದ್ದೆ.

ಮರುದಿನ ಬೆಳಿಗ್ಗೆ ಎಂಟಕ್ಕೆ ಹೋಗಿ, ಯಾರೊಂದಿಗೂ ವಾದಕ್ಕಿಳಿಯದೆ ಹಿರಿಯಾಕೆಯ ಪಕ್ಕ ಕುಳಿತೆ. ಎಲ್ಲಿ ನೇರಳೆ ಕಾಣುತ್ತದೆ, ತೋರಿಸಿ ಎಂದೆ. ಅವರು ಎಡಗೈಯಿಂದ ಎಡಗಣ್ಣು ಮುಚ್ಚಿ, "ಈಗ ನೇರಳೆ" ಎಂದರು. ಕೈ ಬದಲಿಸಿ ಬಲಗಣ್ಣು ಮುಚ್ಚಿ, "ಈಗ ಬೂದಿ. ಬೂದಿಗೆ ಸ್ವಲ್ಪ ಗಂಧ ಕಲಸಿದ ಹಾಗೆ" ಎಂದರು. ಮತ್ತೆ ಬದಲಿಸಿದರು. ಮಕ್ಕಳು ಹೊಸ ಆಟಿಕೆಯೊಂದಿಗೆ ಆಡುವ ಹಾಗೆ ಅವರು ಕೆಲವು ವಾರಗಳಿಂದ ಒಬ್ಬರೇ ಕುಳಿತು ಈ ಆಟ ಆಡುತ್ತಿದ್ದರಂತೆ. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಅದಕ್ಕೂ ನಗುತ್ತಾರೆ ಎಂದು.

ಬಲಗಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಆಗಿ ಎರಡು ತಿಂಗಳಾಗಿತ್ತು. ಎಡಗಣ್ಣಿನದು ಬಾಕಿ.

ವಯಸ್ಸಾಗುತ್ತ ಕಣ್ಣಿನ ಮಸೂರ ಹಳದಿಗಟ್ಟುತ್ತದೆ, ಪೊರೆ ಬಂದರೆ ಇನ್ನಷ್ಟು. ಹಳದಿ ಗಾಜು ಹೇಗೋ ಹಾಗೆ ಅದು ನೀಲಿ ಮತ್ತು ನೇರಳೆ ಬೆಳಕನ್ನು ತಡೆಯುತ್ತದೆ. ಬದಲಾವಣೆ ವರ್ಷಾನುಗಟ್ಟಲೆ ನಿಧಾನವಾಗಿ ಆಗುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ, ಮೆದುಳು ಒಗ್ಗಿಕೊಂಡುಬಿಡುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ಆ ಮಸೂರವನ್ನು ತೆಗೆದು ತಿಳಿಯಾದ ಕೃತಕ ಮಸೂರ ಕೂರಿಸಿದ ಮೇಲೆ ಇಷ್ಟು ವರ್ಷ ತಡೆದಿದ್ದ ನೀಲಿಯೆಲ್ಲ ಒಮ್ಮೆಗೇ ಒಳಗೆ ಬರುತ್ತದೆ. ಫ್ರಾನ್ಸಿನ ಚಿತ್ರಕಾರ ಕ್ಲೋದ್ ಮೊನೆ 1923ರಲ್ಲಿ ಬಲಗಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಎಲ್ಲವೂ ನೀಲಿಯಾಗಿ ಕಾಣುತ್ತಿದೆ ಎಂದು ಗೊಣಗಿದ್ದು ಪ್ರಸಿದ್ಧ. ಈ ತಾಯಿಯ ಬಲಗಣ್ಣು ಈಗ ಮನೆಯಲ್ಲೇ ಅತ್ಯಂತ ಹೊಸ ಕಣ್ಣು. ಬಳಿದ ದಿನದಿಂದ ಆ ಗೋಡೆಯ ಗುಟ್ಟು ಕಂಡಿದ್ದು ಅದೊಂದಕ್ಕೇ. ಉಳಿದವರು ಶೇಡ್ ಕಾರ್ಡಿನಲ್ಲಿ ಬೂದು ಎಂದು ಓದಿಕೊಂಡು ಬೂದನ್ನೇ ನೋಡುತ್ತಿದ್ದರು.

ಅವರು ಇನ್ನೂ ಒಂದು ಮಾತು ಹೇಳಿದರು, ನನ್ನ ಪಾಲಿಗೆ ಅದೇ ಬಹಳ ಮುಖ್ಯವಾಯಿತು: "ಎಲ್ಲ ಕಡೆ ಒಂದೇ ನೇರಳೆಯಲ್ಲ. ಸೋಫಾದ ಹಿಂದೆ ಜಾಸ್ತಿ, ಕೆಳಗೆ ನೆಲದ ಹತ್ತಿರ ಬೇರೆ ಥರ."

ಅಚ್ಚ ಬಿಳಿಯ ದಪ್ಪ ಕಾಗದದ ಮೂರು ಹಾಳೆ ತೆಗೆದುಕೊಂಡೆ. ಒಂದನ್ನು ಕಿಟಕಿಯ ಎದುರು ಗೋಡೆಯ ಮೇಲುಭಾಗಕ್ಕೆ, ಒಂದನ್ನು ಅದೇ ಗೋಡೆಯಲ್ಲಿ ನೆಲದಿಂದ ಒಂದು ಗೇಣು ಮೇಲಕ್ಕೆ, ಇನ್ನೊಂದನ್ನು ಕಿಟಕಿಯ ಪಕ್ಕ ಮರದ ಕಡೆಗೆ ಮಾಸ್ಕಿಂಗ್ ಟೇಪಿನಿಂದ ಅಂಟಿಸಿ, ಎಲ್ಲರನ್ನೂ ಕೋಣೆಯ ನಡುವೆ ನಿಲ್ಲಿಸಿದೆ. ಮೇಲಿನ ಹಾಳೆ ಬಿಳಿ. ಕೆಳಗಿನ ಹಾಳೆ ನಸುಗೆಂಪು. ಕಿಟಕಿ ಪಕ್ಕದ್ದು ಸಣ್ಣಗೆ ಹಸಿರು. ಒಂದೇ ಕಟ್ಟಿನ ಮೂರು ಹಾಳೆ! ನೆಲದ ಕೆಂಪು ಬೆಳಕಿನೊಂದಿಗೆ ಪುಟಿದು ಗೋಡೆಯ ಕೆಳಭಾಗಕ್ಕೆ ಹತ್ತುತ್ತಿತ್ತು, ಮರದ ಹಸಿರು ಕಿಟಕಿಯೊಳಗೆ ಬಂದು ಪಕ್ಕದ ಗೋಡೆಗೆ ಕೂರುತ್ತಿತ್ತು. ನೀಲಿಯತ್ತ ವಾಲಿದ ಬೂದಿನ ಮೇಲೆ ಕೆಂಪು ಬೆಳಕು ಬಿದ್ದರೆ ಅದು ನೇರಳೆಯ ದಾರಿ ಹಿಡಿಯದೆ ಇನ್ನೆಲ್ಲಿಗೆ ಹೋಗಬೇಕು? ನಾಲ್ಕು ಗೋಡೆಗೂ ಒಂದೇ ಬಣ್ಣ ಬಳಿದಾಗ ಒಂದು ಗೋಡೆಯ ಬಣ್ಣ ಇನ್ನೊಂದಕ್ಕೆ ಪುಟಿದು ಮತ್ತೆ ಮತ್ತೆ ಗಾಢವಾಗುತ್ತದೆ ಎಂಬುದೂ ಇದೆ. ಕಾರ್ಡಿನ ಚೌಕಕ್ಕಿಂತ ಕೋಣೆ ಯಾವಾಗಲೂ ಒಂದು ಪಟ್ಟು ಜೋರಾಗಿ ಕಾಣುವುದು ಅದಕ್ಕೇ.

ಸೋಫಾದ ಹಿಂದೆ ಜಾಸ್ತಿ ಏಕೆ ಎಂಬುದಕ್ಕೆ ಉತ್ತರ ಸಿಕ್ಕಿ ಎರಡು ಶತಮಾನವೇ ಆಗುತ್ತ ಬಂದಿದೆ. ಪ್ಯಾರಿಸ್ಸಿನ ಗೋಬೆಲಿನ್ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣಗಾರಿಕೆಯ ಮೇಲ್ವಿಚಾರಕನಾಗಿದ್ದ ರಸಾಯನಶಾಸ್ತ್ರಜ್ಞ ಮಿಷೆಲ್ ಷೆವ್ರೂಲ್‌ಗೆ, ನೀಲಿ ಮತ್ತು ನೇರಳೆ ಬಟ್ಟೆಗಳಲ್ಲಿ ನೆರಳಿಗೆ ಬಳಸುವ ಕಪ್ಪು ನೂಲು ಕಳೆಗುಂದಿದೆ ಎಂಬ ದೂರು ಬಂತು. ಆತ ನೂಲನ್ನು ಪರೀಕ್ಷಿಸಿದ, ಕಪ್ಪು ಚೆನ್ನಾಗಿಯೇ ಇತ್ತು. ದೋಷವಿದ್ದದ್ದು ಪಕ್ಕದ ಬಣ್ಣದಲ್ಲಿ. ಒಂದು ಬಣ್ಣ ತನ್ನ ನೆರೆಯ ಬಣ್ಣವನ್ನು ತನಗೆ ವಿರುದ್ಧವಾದ ಕಡೆಗೆ ತಳ್ಳುತ್ತದೆ ಎಂದು 1839ರಲ್ಲಿ ಆತ ವಿಸ್ತಾರವಾಗಿ ಬರೆದು ಪ್ರಕಟಿಸಿದ. ಹಳದಿಗೆ ಎದುರು ನಿಲ್ಲುವ ಬಣ್ಣ ನೇರಳೆ. ಆರೂವರೆ ಅಡಿ ಉದ್ದದ ಅರಿಸಿನ ಸೋಫಾ ತನ್ನ ಹಿಂದಿನ ಬಡ ಬೂದನ್ನು ಇಪ್ಪತ್ತನಾಲ್ಕು ಗಂಟೆಯೂ ನೇರಳೆಯ ಕಡೆಗೆ ನೂಕುತ್ತಿತ್ತು. ಒಂದು ಬಿಳಿ ಹೊದಿಕೆಯನ್ನು ಸೋಫಾದ ಮೇಲೆ ಹೊದಿಸಿ ತೋರಿಸಿದೆ. ಗೋಡೆಯ ಬಣ್ಣ ಕಣ್ಣೆದುರಿಗೇ ಅರ್ಧ ಇಳಿಯಿತು. ಮಗ ಹೊದಿಕೆಯನ್ನು ನಾಲ್ಕು ಸಲ ಎಳೆದು, ನಾಲ್ಕು ಸಲ ಹೊದಿಸಿ ನೋಡಿದರು. ಜಾದೂಗಾರನ ಕೈಚಳಕ ಹಿಡಿಯುವವನ ಹಾಗೆ.

ಸೋಫಾ ಹೊಸದು, ಹೋಗುವುದಿಲ್ಲ. ನೆಲ ಕೀಳುವ ಮಾತಿಲ್ಲ. ಮರ ಕಡಿಯುವ ಮಾತಂತೂ ನನ್ನ ಕಿವಿಗೆ ಬೀಳುವುದೇ ಬೇಡ. ಗೋಡೆಯೊಂದೇ ಬಗ್ಗಬೇಕು. ಬಣ್ಣ ಆರಿಸಲು ಕುಳಿತವರು ಗೋಡೆಯಿಂದ ಆರಂಭಿಸುವುದು ತಲೆಕೆಳಗಾದ ಕ್ರಮ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಬದಲಾಯಿಸಲು ಆಗದ್ದನ್ನು ಮೊದಲು ಬರೆದಿಟ್ಟುಕೊಳ್ಳಬೇಕು. ಗೋಡೆ ಕೊನೆಯದು, ಅದು ಎಲ್ಲಕ್ಕಿಂತ ಸುಲಭವಾಗಿ ಬದಲಾಗುವಂಥದ್ದು. ಅರವತ್ತು-ಮೂವತ್ತು-ಹತ್ತು ಎಂಬ ಪಾಲಿನ ಸೂತ್ರವನ್ನು ಮಗ ಎಲ್ಲೋ ಓದಿದ್ದರು. ಪ್ರಧಾನ ಬಣ್ಣ ಅರವತ್ತು ಪಾಲು, ಜೊತೆಯದು ಮೂವತ್ತು, ಒಗ್ಗರಣೆಗೆ ಹತ್ತು. ಖಾಲಿ ಡಬ್ಬಿಯಂಥ ಕೋಣೆಗೆ ಅದು ಸರಿ. ಇಟ್ಟಿಗೆಗೆಂಪು ನೆಲ ಆಗಲೇ ತನ್ನ ಪಾಲನ್ನು ಕೇಳದೆಯೇ ತೆಗೆದುಕೊಂಡು ಕುಳಿತಿರುವಲ್ಲಿ ಸೂತ್ರ ಏನು ಮಾಡೀತು?

ನಾಲ್ಕು ಬಣ್ಣ ಪರೀಕ್ಷೆಗೆ ಇಳಿದವು. ಹಳೆಯ ಗೋಡೆಯ ಮೇಲೆಯೇ ಮಾದರಿ ಬಳಿಯಲು ನಾನು ಬಿಡುವುದಿಲ್ಲ, ಸುತ್ತಲಿನ ಹಳೆಯ ಬಣ್ಣ ಸುಳ್ಳು ಸಾಕ್ಷಿ ಹೇಳುತ್ತದೆ. ಎರಡಡಿ ಉದ್ದ, ಎರಡಡಿ ಅಗಲದ ಬಿಳಿ ಹಲಗೆಗಳನ್ನು ತರಿಸಿ, ಸುತ್ತ ಎರಡು ಅಂಗುಲ ಬಿಳಿ ಅಂಚು ಬಿಟ್ಟು, ಎರಡೆರಡು ಕೋಟ್ ಬಳಿಸಿದೆ. ಹಲಗೆಯಾದರೆ ಎತ್ತಿಕೊಂಡು ತಿರುಗಬಹುದು: ಸೋಫಾದ ಹಿಂದೆ, ನೆಲದ ಹತ್ತಿರ, ಕಿಟಕಿ ಪಕ್ಕ, ಒಳಮೂಲೆ. ನಿಲ್ಲಿಸಿಯೇ ನೋಡಬೇಕು, ಮಲಗಿಸಿದರೆ ಬೆಳಕು ಬೀಳುವ ಕೋನವೇ ಬೇರೆಯಾಗುತ್ತದೆ. ಬೆಳಿಗ್ಗೆ ಎಂಟು, ಮಧ್ಯಾಹ್ನ ಒಂದು, ಮುಸ್ಸಂಜೆ, ರಾತ್ರಿ ದೀಪ ಹಚ್ಚಿದ ಮೇಲೆ, ಹೀಗೆ ಮೂರು ದಿನ.

ಸೊಸೆಗೆ ಬೇಕಿದ್ದದ್ದು ಅಚ್ಚ ಬಿಳಿ, "ಯಾವ ತಂಟೆಯೂ ಇರುವುದಿಲ್ಲ" ಎಂದು. ಎಲ್ಲಕ್ಕಿಂತ ಹೆಚ್ಚು ತಂಟೆ ಅದರದ್ದೇ ಆಯಿತು. ಕೆಳಗೆ ಗುಲಾಬಿ, ಕಿಟಕಿ ಪಕ್ಕ ಹಸಿರು, ಒಳಮೂಲೆಯಲ್ಲಿ ಮಾಸಿದ ಪಂಚೆ. ಬಿಳಿಗೆ ಸ್ವಂತ ಮಾತಿಲ್ಲ, ಅಕ್ಕಪಕ್ಕದವರು ಹೇಳಿದ್ದನ್ನೇ ಹೇಳುತ್ತದೆ. ಹಿರಿಯಾಕೆ ಕೇಳಿದ ಕೆನೆಹಳದಿ ರಾತ್ರಿ ಬಹಳ ಚೆಂದವಿತ್ತು. ಹಗಲಿನಲ್ಲಿ ಮರದ ಹಸಿರು ಕೂಡಿ ಎಳೆನಿಂಬೆಯ ಕಡೆಗೆ ಹೋಯಿತು, ಅದರ ಮುಂದೆ ಹೊಸ ಸೋಫಾ ಹಳೆಯದಾಗಿ ಕಂಡಿತು. ನನಗೆ ಇಷ್ಟವಿದ್ದದ್ದು ಹಸಿರು ಬೆರೆತ ಬೂದು. ಒಳ್ಳೆಯ ಬಣ್ಣ, ಆದರೆ ಕೆಂಪಿಗೆ ಎದುರಾಳಿ ಹಸಿರು, ಷೆವ್ರೂಲ್ ಮತ್ತೆ ಬಂದ: ಹಲಗೆ ನಿಲ್ಲಿಸಿದೊಡನೆ ನೆಲ ಈಗತಾನೆ ತೊಳೆದ ಹಾಗೆ ಕೆಂಪಾಯಿತು. ನಾನೇ ಎತ್ತಿಟ್ಟೆ.

ಉಳಿದದ್ದು ಒಣಮರಳಿನ ಬಣ್ಣ. ಬೂದಿಗೆ ಕಂದು, ಒಂದು ಚಿಟಿಕೆ ಹಳದಿ. ಇದು ನೆಲದ ಹತ್ತಿರ ನಸುಗೆಂಪಾಗುತ್ತಿತ್ತು, ಆದರೆ ಅದೇ ಕುಲದ ಕೆಂಪು, ಬೇರೆ ಬಣ್ಣಕ್ಕೆ ಜಿಗಿಯುತ್ತಿರಲಿಲ್ಲ. ಸೋಫಾ ಅದನ್ನು ನೇರಳೆಗೆ ನೂಕಲು ನೋಡಿದರೂ ಒಳಗಿದ್ದ ಹಳದಿ ಬಿಟ್ಟುಕೊಡಲಿಲ್ಲ. ಬೆಳಕಿನ ದೃಷ್ಟಿಯಿಂದಲೂ ಲಾಭವಿತ್ತು. ಬಣ್ಣವೊಂದು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಎಷ್ಟನ್ನು ಹಿಂತಿರುಗಿಸುತ್ತದೆ ಎಂಬುದಕ್ಕೆ ಸೊನ್ನೆಯಿಂದ ನೂರರವರೆಗಿನ ಒಂದು ಅಂಕವಿದೆ. ಎಲ್‌ಆರ್‌ವಿ ಎನ್ನುತ್ತಾರೆ, ಅನೇಕ ಶೇಡ್ ಕಾರ್ಡುಗಳಲ್ಲಿ ಚೌಕದ ಹಿಂದೆ ಅಚ್ಚಾಗಿರುತ್ತದೆ. ಹಳೆಯ ಬೂದಿನದು 48, ಮರಳಿನದು 64. ಒಂದೇ ಕಿಟಕಿಯ ಕೋಣೆಯಲ್ಲಿ ಈ ಹದಿನಾರು ಅಂಕ ಸಣ್ಣದಲ್ಲ. ಕಿಟಕಿಯ ಎದುರಿನ ಗೋಡೆಯೇ ಅಂಥ ಕೋಣೆಗೆ ಎರಡನೆಯ ಕಿಟಕಿ. ಆ ಗೋಡೆಗೆ ಗಾಢನೀಲಿ ಬಳಿಸಬೇಕೆಂಬ ಆಸೆ ಮಗನಿಗಿತ್ತು. ನೀಲಿಯನ್ನು ಅವರ ಓದುವ ಕೋಣೆಗೆ ಕಳುಹಿಸಿದೆವು.

ಹೊಳಪಿನ ವಿಷಯದಲ್ಲಿ ಚರ್ಚೆಗೆ ಅವಕಾಶ ಕೊಡಲಿಲ್ಲ, ಹೊಳಪಿಲ್ಲದ ಮ್ಯಾಟ್ ಎಂದೆ. ಪಕ್ಕದಿಂದ ಬೆಳಕು ಗೋಡೆಯನ್ನು ಸವರಿಕೊಂಡು ಹೋಗುವಲ್ಲಿ ಹೊಳಪು ಹೆಚ್ಚಿದರೆ ಪುಟ್ಟಿಯ ಪ್ರತಿಯೊಂದು ಅಲೆಯೂ ಕಾಣುತ್ತದೆ. ಬಲ್ಬುಗಳನ್ನು 3000 ಕೆಲ್ವಿನ್ನಿಗೆ ಇಳಿಸಿ, ವಸ್ತುಗಳ ಬಣ್ಣವನ್ನು ಇದ್ದ ಹಾಗೆ ತೋರಿಸುವ ಗುಣದಲ್ಲಿ ನೂರಕ್ಕೆ ತೊಂಬತ್ತು ದಾಟಿದವನ್ನೇ ಹಾಕಿಸಿದೆ. ಹಿಂದಿನ ಬಲ್ಬುಗಳ ಹಣ ನನ್ನ ಲೆಕ್ಕಕ್ಕೆ.

ಹಿರಿಯಾಕೆಯ ಕಣ್ಣಿನ ಆಟ ನೋಡಿದ ಮೇಲೆ ಇನ್ನೊಂದು ಕೆಲಸ ಸೇರಿತು. ಬಾಕಿ ಇದ್ದ ಎಡಗಣ್ಣಿಗೆ ಮಬ್ಬು ಬೆಳಕಿನಲ್ಲಿ ಬಣ್ಣಗಳ ಭೇದ ಉಪಯೋಗಕ್ಕೆ ಬಾರದು, ಬೇಕಾದದ್ದು ತಿಳಿ-ಗಾಢದ ಅಂತರ. ಬ್ರಿಟನ್ನಿನ ಕಟ್ಟಡ ಮಾರ್ಗಸೂಚಿಗಳು ಬಾಗಿಲು, ಗೋಡೆ, ನೆಲಗಳ ನಡುವೆ ಎಲ್‌ಆರ್‌ವಿಯಲ್ಲಿ 30 ಅಂಕಗಳ ಅಂತರ ಕೇಳುತ್ತವೆ. ಮೊಬೈಲಿನಲ್ಲಿ ಕಪ್ಪುಬಿಳುಪು ಚಿತ್ರ ತೆಗೆದರೆ ಅಂತರ ಇದೆಯೋ ಇಲ್ಲವೋ ಬರಿಗಣ್ಣಿಗೇ ಗೊತ್ತಾಗುತ್ತದೆ. ತೆಗೆದು ನೋಡಿದೆವು. ಕಂದು ಬಾಗಿಲುಗಳು ಮರಳಿನ ಹಲಗೆಯ ಪಕ್ಕದಲ್ಲಿ ಸ್ಪಷ್ಟ. ಅವರ ಕೋಣೆಯಿಂದ ಬಚ್ಚಲಿಗೆ ಹೋಗುವ ಓಣಿಯ ಬಿಳಿ ಸ್ವಿಚ್‌ಬೋರ್ಡು ಮಾತ್ರ ಗೋಡೆಯಲ್ಲಿ ಕರಗಿಹೋಗಿತ್ತು. ಅದರ ಸುತ್ತ ಮೂರು ಬೆರಳು ಅಗಲದ ಕಡುಕಂದು ಪಟ್ಟಿ ಬಳಿಸಿದೆ.

ಬಣ್ಣದ ಕೆಲಸ ಹಿಡಿದದ್ದು ಮುಂದಿನ ವಾರ. ಡಬ್ಬಿಯಿಂದ ಡಬ್ಬಿಗೆ ಕೂದಲೆಳೆಯಷ್ಟು ವ್ಯತ್ಯಾಸ ಇರಬಹುದೆಂದು ಎಲ್ಲವನ್ನೂ ಒಂದೇ ದೊಡ್ಡ ಬಕೆಟ್ಟಿಗೆ ಸುರಿದು ಕಲಸಿಸಿದೆ. ಅಡಿಗೆ ಒಂದು ಬಿಳಿ ಕೋಟ್, ಮೇಲೆ ಎರಡು ಕೋಟ್ ಮರಳು. ಎರಡನೆಯ ದಿನ ಸಂಜೆ ಸೊಸೆಯ ಫೋನ್. ಧ್ವನಿ ಸಣ್ಣಗಾಗಿತ್ತು. "ಎರಡು ಗೋಡೆ ಮುಗಿದಿದೆ. ಇದು ಮರಳಲ್ಲ, ಹಳದಿ. ಸೋಫಾವನ್ನು ಗೋಡೆಗೆ ಬಳಿದ ಹಾಗಿದೆ. ನಿಲ್ಲಿಸಲೇ?"

ಎರಡು ಗೋಡೆ ಹೊಸತು, ಎರಡು ಗೋಡೆ ಇನ್ನೂ ಹಳೆಯ ನೇರಳೆಬೂದು. ಸೋಫಾ ಬೂದನ್ನು ನೇರಳೆಗೆ ನೂಕಿದ ಹಾಗೆಯೇ ನೇರಳೆಬೂದು ಈಗ ಮರಳನ್ನು ಹಳದಿಗೆ ನೂಕುತ್ತಿತ್ತು. ಅದರ ಮೇಲೆ ಅರ್ಧ ಒಣಗಿದ ಎಮಲ್ಷನ್ ಬೇರೆ, ಹಸಿಯಲ್ಲಿ ತಿಳಿಯಾಗಿದ್ದು ಒಣಗಿದಂತೆ ಗಾಢವಾಗುವ ಸ್ವಭಾವದ್ದು, ಗೋಡೆಯಿಡೀ ತೇಪೆ ತೇಪೆ. ನಾಳೆ ಸಂಜೆಯವರೆಗೆ ಹಜಾರದ ಬಾಗಿಲು ಹಾಕಿಬಿಡಿ, ಯಾರೂ ನೋಡಬೇಡಿ ಎಂದೆ. ನಾನು ಹೇಳಿದ್ದನ್ನು ನಂಬಿದರೋ, ಮೂರನೆಯ ಸಲ ಬಣ್ಣ ಬದಲಿಸುವ ಶಕ್ತಿ ಉಳಿದಿರಲಿಲ್ಲವೋ, ಕೆಲಸ ನಿಲ್ಲಲಿಲ್ಲ. ನಾಲ್ಕನೆಯ ಗೋಡೆ ಮುಗಿದ ಮರುದಿನ ಬೆಳಿಗ್ಗೆ ಒಂದು ಚಿತ್ರ ಕಳುಹಿಸಿದರು. ಜೊತೆಗೆ ಒಂದೇ ಪದ: ಮರಳು.

ಐದು ತಿಂಗಳ ಮೇಲೆ ಆ ಕಡೆ ಹೋಗಿದ್ದಾಗ ಒಳಗೆ ಹೊಕ್ಕು ಬಂದೆ. ಬೆಳಿಗ್ಗೆ ಹತ್ತರ ಸಮಯ, ಹಜಾರ ಶಾಂತವಾಗಿತ್ತು. ಹಿರಿಯಾಕೆಗೆ ಎರಡನೆಯ ಕಣ್ಣಿನ ಶಸ್ತ್ರಚಿಕಿತ್ಸೆಯೂ ಆಗಿತ್ತು. ನನ್ನನ್ನು ಕಂಡೊಡನೆ ಎಡಗೈ ಎತ್ತಿ ಒಂದು ಕಣ್ಣು ಮುಚ್ಚಿದರು, ಕೈ ಬದಲಿಸಿ ಇನ್ನೊಂದು ಮುಚ್ಚಿದರು. "ಈಗ ಎರಡಕ್ಕೂ ಒಂದೇ" ಎಂದರು. ಆಟ ಮುಗಿದುಹೋದ ಬೇಸರ ಇತ್ತೇನೋ. ಆಮೇಲೆ ಸೊಸೆ ಒಳಗೆ ಹೋಗುವವರೆಗೆ ಕಾದು, ತಗ್ಗಿದ ಧ್ವನಿಯಲ್ಲಿ, "ಆದರೆ ಈ ಸೋಫಾ ಇಷ್ಟೊಂದು ಹಳದಿ ಎಂದು ನನಗೆ ಗೊತ್ತೇ ಇರಲಿಲ್ಲ ನೋಡಿ" ಎಂದರು.